ಹೊರಟದ್ದೆಲ್ಲಿಗೆ, ನಿಂತದ್ದೆಲ್ಲಿ?

ಕನ್ನಡದಲ್ಲಿ ‘ಪರಾಕು’ ಎಂಬ ವಿಶಿಷ್ಟವಾದ ಪದವೊಂದಿದೆ. ಅರಸನು ಸಭೆಗೆ ಬರುವಾಗ ಹೊಗಳುಭಟರು ‘ಬಹುಪರಾಕ್’ ಎಂದು ಕೂಗುತ್ತಿದ್ದರು. ಎಚ್ಚರವಾಗಿರಿ, ಗಮನವನ್ನು ಇತ್ತ ತನ್ನಿ ಎಂಬುದು ಆ ಕೂಗಿನ ತಾತ್ಪರ್ಯ. ಆದರೆ ನಿಘಂಟನ್ನು ತೆರೆದು ನೋಡಿದರೆ ಅದೇ ಪದಕ್ಕೆ ಅಜಾಗರೂಕತೆ, ಮೈಮರೆವು ಎಂಬ ಅರ್ಥಗಳೂ ಕಾಣಸಿಗುತ್ತವೆ. ಎಚ್ಚರಿಸುವ ಕೂಗಿಗೂ ಎಚ್ಚರ ತಪ್ಪಿದ ಸ್ಥಿತಿಗೂ ನಮ್ಮ ಹಿರಿಯರು ಒಂದೇ ಪದವನ್ನು ಬಳಸಿದರು. ಮನುಷ್ಯನ ಮನಸ್ಸನ್ನು ಹತ್ತಿರದಿಂದ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಎಚ್ಚರವಿದ್ದ ಮನಸ್ಸೇ ಮರುಕ್ಷಣದಲ್ಲಿ ಮೈಮರೆಯುತ್ತದೆ. ಮೈಮರೆತ ಮನಸ್ಸೇ ಒಂದು ಕೂಗಿಗೆ ಎಚ್ಚೆತ್ತುಕೊಳ್ಳುತ್ತದೆ.

ಈ ಪರಾಕಿನ ಅನುಭವವಿಲ್ಲದವರು ಯಾರು? ಕನ್ನಡಕ ತರಲೆಂದು ಒಳಕೋಣೆಗೆ ಹೋದವರು ಮಂಚದ ಮೇಲಿದ್ದ ಬಟ್ಟೆಗಳನ್ನು ಮಡಚಿಟ್ಟು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಗಂಟೆ ಎಷ್ಟಾಯಿತೆಂದು ನೋಡಲು ಮೊಬೈಲನ್ನು ಕೈಗೆತ್ತಿಕೊಂಡವರು ಅರ್ಧ ತಾಸಿನ ನಂತರ ಅದನ್ನು ಕೆಳಗಿಡುತ್ತಾರೆ. ಗಂಟೆಯನ್ನು ಮಾತ್ರ ನೋಡಿರುವುದಿಲ್ಲ. ಭಾಷಣಕಾರರು ‘ಎರಡೇ ಮಾತು’ ಎಂದು ಆರಂಭಿಸಿ ಎರಡನೆಯ ಮಾತಿಗೆ ಬರುವಷ್ಟರಲ್ಲಿ ಸಭಿಕರು ಮೊದಲನೆಯದನ್ನು ಮರೆತಿರುತ್ತಾರೆ. ಗುರುಗಳ ಪ್ರಬೋಧನೆಗಳೂ ಇದಕ್ಕೆ ಹೊರತಲ್ಲವೆಂದು ವಿಶ್ವಾಸಿಗಳು ನಗುತ್ತ ಹೇಳುವುದುಂಟು.

ವಿಜ್ಞಾನಿಗಳೂ ಈ ಸಣ್ಣ ಮರೆವಿನ ಬೆನ್ನು ಹತ್ತಿದ್ದಾರೆ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಗೇಬ್ರಿಯಲ್ ರಾಡ್‌ವಾನ್ಸ್ಕಿ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಾಗಿಲು ದಾಟಿ ಮತ್ತೊಂದು ಕೋಣೆಗೆ ಹೋದವರು, ಅಷ್ಟೇ ದೂರವನ್ನು ಒಂದೇ ಕೋಣೆಯೊಳಗೆ ನಡೆದವರಿಗಿಂತ ಹೆಚ್ಚು ಮರೆಯುತ್ತಾರೆಂದು ಕಂಡುಬಂದಿತು. ಹತ್ತು ವರ್ಷಗಳ ಬಳಿಕ, 2021ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಮತ್ತೆ ಪರೀಕ್ಷಿಸಿದರು. ಬಾಗಿಲು ದಾಟಿದ ಮಾತ್ರಕ್ಕೆ ಯಾರೂ ಮರೆಯಲಿಲ್ಲ. ಮನಸ್ಸಿನಲ್ಲಿ ಅದಾಗಲೇ ಬೇರೊಂದು ಎಣಿಕೆಯ ಭಾರವನ್ನು ಹೊತ್ತಿದ್ದವರಲ್ಲಿ ಮಾತ್ರ ಆ ಮರೆವು ತೋರಿತು. ತಪ್ಪು ಬಾಗಿಲಿನದಲ್ಲ, ಹೊರೆಯದು ಎಂದಾಯಿತು.

ಇವೆಲ್ಲ ನಗುವಿಗೆ ಸಲ್ಲುವ ಮರೆವುಗಳು. ಕನ್ನಡಕ ಎಲ್ಲಿಗೂ ಓಡಿಹೋಗದು, ಇನ್ನೊಮ್ಮೆ ಹೋಗಿ ತಂದರಾಯಿತು. ಆದರೆ ನಗಲಾಗದ ಮರೆವೂ ಒಂದಿದೆ. ಜಮೀನಿನ ಬದುವಿನ ವಿಷಯದಲ್ಲಿ ಜಗಳವಾಡಿ ಅಣ್ಣನೊಡನೆ ಮಾತು ಬಿಟ್ಟ ತಮ್ಮನೊಬ್ಬನು ಕೊನೆಗೊಂದು ದಿನ ಮನಸ್ಸು ಗಟ್ಟಿಮಾಡಿಕೊಂಡು ಅಣ್ಣನ ಮನೆಗೆ ಹೋಗುತ್ತಾನೆ. ‘ಆದದ್ದು ಆಯಿತು, ನನ್ನನ್ನು ಕ್ಷಮಿಸು’ ಎಂದು ಹೇಳುವುದು ಅವನ ಉದ್ದೇಶ. ಅತ್ತಿಗೆ ಕಾಫಿ ತರುತ್ತಾರೆ. ಮಾತು ಮಳೆಯ ಕಡೆಗೆ ಹೊರಳುತ್ತದೆ, ಮಳೆಯಿಂದ ಅಡಿಕೆಯ ಧಾರಣೆಗೆ, ಧಾರಣೆಯಿಂದ ಮಗಳ ಕಾಲೇಜಿಗೆ. ಕತ್ತಲಾಯಿತೆಂದು ತಮ್ಮನು ಎದ್ದು ಹೊರಡುತ್ತಾನೆ. ಹೇಳಬೇಕೆಂದು ಹೋದ ಮಾತು ಬಾಯೊಳಗೇ ಉಳಿಯುತ್ತದೆ. ‘ಇರಲಿ, ಇನ್ನೊಮ್ಮೆ ಬಂದಾಗ ಹೇಳಿದರಾಯಿತು’ ಎಂದು ಸಮಾಧಾನ ತಂದುಕೊಳ್ಳುತ್ತಾನೆ. ಆ ಇನ್ನೊಮ್ಮೆ ಬರುವ ಹೊತ್ತಿಗೆ ಅಣ್ಣನನ್ನು ಅಂಗಳದಲ್ಲಿ ಮಲಗಿಸಿರುತ್ತಾರೆ. ಇಂತಹ ಸಂಗತಿ ನಮ್ಮ ಯಾವ ಊರಿಗೂ ಹೊಸದಲ್ಲ. ಸಾವಿನ ಮನೆಗಳಲ್ಲಿ ಕೇಳಿಬರುವ ಅತಿ ದೊಡ್ಡ ಅಳು ಅನೇಕ ವೇಳೆ ಹೇಳದೇ ಉಳಿದ ಮಾತಿನದೇ ಆಗಿರುತ್ತದೆ.

ಆದುದರಿಂದ ಈ ಸಣ್ಣ ದೌರ್ಬಲ್ಯವನ್ನು ಸ್ವಲ್ಪ ಗಂಭೀರವಾಗಿಯೇ ಪರಿಶೀಲಿಸುವುದು ಒಳಿತು.

ಹಳೆಯ ದೂರು

ಮನಸ್ಸು ನಿಲ್ಲದು ಎಂಬ ದೂರು ಇಂದು ನಿನ್ನೆಯದಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿಯುವಷ್ಟು ಕಷ್ಟವೆಂದು ಶ್ರೀಕೃಷ್ಣನಲ್ಲಿ ಅಲವತ್ತುಕೊಂಡನೆಂದು ಭಗವದ್ಗೀತೆ ಹೇಳುತ್ತದೆ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿದರು. ಐದನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ, ಈಜಿಪ್ಟಿನ ಮರುಭೂಮಿಯ ತಪಸ್ವಿಗಳೊಡನೆ ನಡೆಸಿದ ಸಂವಾದಗಳನ್ನು ಬರೆದಿಟ್ಟರು. ಅಲ್ಲಿಯೂ ಇದೇ ದೂರು: ಒಂದು ಕೀರ್ತನೆಯನ್ನು ಧ್ಯಾನಿಸಲು ಕುಳಿತರೆ ಮನಸ್ಸು ಇನ್ನೊಂದು ಕೀರ್ತನೆಗೆ ಹಾರುತ್ತದೆ, ಅಲ್ಲಿಂದ ಪ್ರವಾದಿಗಳ ಗ್ರಂಥಕ್ಕೆ, ಅಲ್ಲಿಂದ ಶುಭಸಂದೇಶಕ್ಕೆ, ಕೊನೆಗೆ ಯಾವುದೂ ದಕ್ಕುವುದಿಲ್ಲ. ಮನೆಮಾರು ತೊರೆದು, ಜನಸಂಪರ್ಕವನ್ನೇ ಬಿಟ್ಟು ಮರಳುಗಾಡಿನಲ್ಲಿ ಕುಳಿತವರ ಪಾಡೇ ಹೀಗಿರುವಾಗ ಸಂಸಾರಿಗಳ ಪಾಡನ್ನು ಕೇಳುವುದೇನು?

ಸಂತ ಅಗಸ್ಟೀನರು ತಮ್ಮ ‘ಕನ್ಫೆಶನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಈ ದೌರ್ಬಲ್ಯವನ್ನು ಮುಚ್ಚುಮರೆಯಿಲ್ಲದೆ ವರ್ಣಿಸುತ್ತಾರೆ. ಆ ವೇಳೆಗೆ ಅವರು ಧರ್ಮಾಧ್ಯಕ್ಷರಾಗಿದ್ದರು. ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋಗುವ ಆಟವನ್ನು ನೋಡಲು ತಾವು ಕ್ರೀಡಾಂಗಣಕ್ಕೆ ಹೋಗುವುದನ್ನು ಬಿಟ್ಟಿದ್ದರೂ, ದಾರಿಯ ಬದಿಯ ಹೊಲದಲ್ಲಿ ಅದೇ ದೃಶ್ಯ ಕಣ್ಣಿಗೆ ಬಿದ್ದರೆ ಯಾವುದೋ ಗಹನವಾದ ಚಿಂತನೆಯಿಂದ ಮನಸ್ಸು ಅತ್ತ ಹರಿಯುತ್ತದೆ ಎನ್ನುತ್ತಾರೆ. ಮನೆಯಲ್ಲಿ ಕುಳಿತಿರುವಾಗ ಹಲ್ಲಿಯೊಂದು ನೊಣ ಹಿಡಿಯುವುದು, ಜೇಡವೊಂದು ತನ್ನ ಬಲೆಗೆ ಬಿದ್ದ ನೊಣವನ್ನು ಸುತ್ತುವುದು ಕೂಡ ಅವರನ್ನು ಸೆಳೆಯುತ್ತಿತ್ತು. ಇವುಗಳನ್ನು ಕಂಡು ಮುಂದೆ ತಾವು ಸೃಷ್ಟಿಕರ್ತನನ್ನು ಸ್ತುತಿಸುವುದು ನಿಜವಾದರೂ, ನೋಡಲು ತೊಡಗಿದ್ದು ಆ ಉದ್ದೇಶದಿಂದಲ್ಲ ಎಂದು ಪ್ರಾಮಾಣಿಕವಾಗಿ ಸೇರಿಸುತ್ತಾರೆ. ನಮ್ಮ ದೇವಾಲಯಗಳ ಗೋಡೆಗಳ ಮೇಲೂ ಹಲ್ಲಿಗಳಿವೆ. ದೀರ್ಘವಾದ ಪ್ರಬೋಧನೆಯ ವೇಳೆ ಅವು ಎಷ್ಟು ಕಣ್ಣುಗಳನ್ನು ಸೆಳೆಯುತ್ತವೆ ಎಂಬುದು ಪೀಠದ ಬಳಿ ನಿಂತವರಿಗೆ ಚೆನ್ನಾಗಿ ತಿಳಿಯುತ್ತದೆ.

ಈಚಿನ ಅಂಕಿಸಂಖ್ಯೆಯೂ ಇದನ್ನೇ ಹೇಳುತ್ತದೆ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಮನೋವಿಜ್ಞಾನಿಗಳು 2,250 ಮಂದಿ ವಯಸ್ಕರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಮೊಬೈಲಿನ ಮೂಲಕ ಪ್ರಶ್ನಿಸಿದರು. ಸುಮಾರು 47 ಶೇಕಡ ಸಂದರ್ಭಗಳಲ್ಲಿ ಜನರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದರು. ಹಾಗೆ ಅಲೆಯುತ್ತಿದ್ದ ಹೊತ್ತಿನಲ್ಲಿ ಅವರು ಕಡಿಮೆ ಸಂತೋಷದಿಂದಿದ್ದರು ಎಂಬುದೂ ಆ ಅಧ್ಯಯನದಲ್ಲಿ ತಿಳಿದುಬಂದಿತು.

ದಾರಿಯ ಮರೆವು, ಊರಿನ ಮರೆವು

ಹಾಗಾದರೆ ಅಲೆಯುವ ಮನಸ್ಸು ದೋಷಿಯೇ? ‘ಫಾದರ್, ಜಪಸರ ಹಿಡಿದರೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಇಂತಹ ಪ್ರಾರ್ಥನೆ ಮಾಡುವುದಕ್ಕಿಂತ ಮಾಡದಿರುವುದೇ ವಾಸಿಯಲ್ಲವೇ?’ ಎಂದು ಕೇಳುವವರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಕೆಲವರು ಕೇಳುವುದೂ ಇಲ್ಲ, ಸದ್ದಿಲ್ಲದೆ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಹದಿಮೂರನೆಯ ಶತಮಾನದ ಮಹಾ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರು ನೀಡುವ ಉತ್ತರ ತುಂಬ ಸಾಂತ್ವನಕರವಾಗಿದೆ.

ಪ್ರಾರ್ಥನೆಯಲ್ಲಿ ಮೂರು ಬಗೆಯ ಗಮನವಿರಬಹುದು ಎಂದು ಅವರು ವಿವರಿಸುತ್ತಾರೆ. ಉಚ್ಚರಿಸುವ ಪದಗಳು ತಪ್ಪದಂತೆ ನೋಡಿಕೊಳ್ಳುವುದು ಮೊದಲನೆಯದು. ಪದಗಳ ಅರ್ಥವನ್ನು ಅನುಸರಿಸುವುದು ಎರಡನೆಯದು. ಪ್ರಾರ್ಥನೆಯ ಗುರಿಯಾದ ದೇವರನ್ನೂ ಬೇಡಿಕೆಯ ವಿಷಯವನ್ನೂ ಉದ್ದೇಶಿಸುವುದು ಮೂರನೆಯದು. ಈ ಮೂರನೆಯದೇ ಅತ್ಯಗತ್ಯವಾದದ್ದು. ಅಕ್ಷರವರಿಯದವರಿಗೂ ಅದು ಸಾಧ್ಯ. ಓದುಬರಹ ತಿಳಿಯದ ಅಜ್ಜಿಯೊಬ್ಬರು ನಸುಕಿನಲ್ಲಿ ಜಪಸರ ಹಿಡಿದು ಕುಳಿತಿರುತ್ತಾರೆ. ಮಣಿಯ ಮೇಲೆ ಬೆರಳು ಜಾರುವಾಗ ನಡುವೆ ಹಸುವಿನ ನೆನಪು, ಮೊಮ್ಮಗನ ಜ್ವರದ ನೆನಪು ಬಂದು ಹೋಗುತ್ತದೆ. ಆದರೆ ಅವರು ಯಾರ ಮುಂದೆ ಕುಳಿತಿದ್ದಾರೆಂಬುದು ಅವರಿಗೆ ಗೊತ್ತು. ದೇವಶಾಸ್ತ್ರದ ಪುಸ್ತಕವನ್ನು ತಪ್ಪಿಲ್ಲದೆ ಓದುವ ವಿದ್ವಾಂಸನಿಗಿಂತ ಅವರ ಗಮನವೇ ಗುರಿಗೆ ಹತ್ತಿರವಾಗಿರಬಹುದು. ಇಚ್ಛೆಯಿಲ್ಲದೆ ಮನಸ್ಸು ಅಲೆದರೆ ಪ್ರಾರ್ಥನೆಯ ಪುಣ್ಯ ಕೆಡುವುದಿಲ್ಲ, ಅದು ಕೊಡುವ ಆತ್ಮತೃಪ್ತಿ ಮಾತ್ರ ಕಡಿಮೆಯಾಗುತ್ತದೆ. ಬೇಕೆಂದೇ ಮನಸ್ಸನ್ನು ಅಲೆಯಬಿಟ್ಟರೆ ಮಾತ್ರ ಅದು ದೋಷ ಎಂಬುದು ಅಕ್ವಿನಾಸರ ನಿರ್ಣಯ.

ಇದರ ಹಿಂದೆ ಅವರದೇ ಇನ್ನೊಂದು ವಿಚಾರವಿದೆ. ದಾರಿ ನಡೆಯುವವನು ಹೆಜ್ಜೆಹೆಜ್ಜೆಗೂ ತಾನು ಸೇರಬೇಕಾದ ಊರನ್ನು ನೆನೆಯುತ್ತಿರಬೇಕಾಗಿಲ್ಲ ಎನ್ನುತ್ತಾರೆ ಅವರು. ಹೊರಡುವಾಗ ಮಾಡಿದ ಸಂಕಲ್ಪದ ಬಲ ಹೆಜ್ಜೆಗಳಲ್ಲಿ ಉಳಿದಿರುತ್ತದೆ. ಮೈಸೂರಿಗೆ ಹೊರಟವನು ನಡುವೆ ಮರದ ನೆರಳಲ್ಲಿ ಕುಳಿತು ಬುತ್ತಿ ಉಣ್ಣಬಹುದು, ಪರಿಚಿತರೊಡನೆ ಹರಟಬಹುದು, ಸ್ವಲ್ಪ ಹೊತ್ತು ದಾರಿಯನ್ನೂ ತಪ್ಪಬಹುದು. ಇಷ್ಟಾದರೂ ಅವನು ಮೈಸೂರಿಗೆ ಹೊರಟವನೇ. ದಾರಿಯ ಬದಿಯಲ್ಲೇ ಮನೆ ಮಾಡಿಕೊಂಡು ತಾನು ಎಲ್ಲಿಗೆ ಹೊರಟಿದ್ದೆನೆಂಬುದನ್ನೇ ಕೇಳಿಕೊಳ್ಳದಿದ್ದಾಗ ಮಾತ್ರ ಅವನ ಪ್ರಯಾಣ ಮುರಿಯುತ್ತದೆ. ದಾರಿಯ ಮರೆವು ಬೇರೆ, ಊರಿನ ಮರೆವು ಬೇರೆ. ಮೊದಲನೆಯದು ಮನುಷ್ಯ ಸಹಜವಾದದ್ದು, ಎರಡನೆಯದಕ್ಕೆ ನಾವೇ ಹೊಣೆ.

ಒಳಿತಿಗೆ ಅಡ್ಡವಾಗುವ ಒಳಿತು

ನಮ್ಮನ್ನು ದಾರಿ ತಪ್ಪಿಸುವುದು ಯಾವಾಗಲೂ ಕೆಟ್ಟದ್ದೇ ಎಂದು ತಿಳಿಯಬಾರದು. ಕೆಟ್ಟದ್ದು ಬಂದರೆ ಗುರುತು ಸಿಗುತ್ತದೆ. ಒಳ್ಳೆಯದರ ವೇಷದಲ್ಲಿ ಬಂದದ್ದನ್ನು ಗುರುತಿಸುವುದೇ ಕಷ್ಟ.

ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರ ಜೀವನದಲ್ಲಿ ಇದಕ್ಕೆ ನಿದರ್ಶನವಿದೆ. ಯೋಧರಾಗಿ ಗಾಯಗೊಂಡು, ಮನಪರಿವರ್ತನೆ ಹೊಂದಿ, ಜೆರುಸಲೇಮಿನ ಯಾತ್ರೆ ಮುಗಿಸಿ ಬಂದ ಅವರು 1524ರಲ್ಲಿ ಬಾರ್ಸೆಲೋನಾ ನಗರದಲ್ಲಿ ಲ್ಯಾಟಿನ್ ವ್ಯಾಕರಣವನ್ನು ಕಲಿಯಲು ಕುಳಿತರು. ಆಗ ಅವರ ವಯಸ್ಸು ಮೂವತ್ತು ದಾಟಿತ್ತು. ವ್ಯಾಕರಣವನ್ನು ಬಾಯಿಪಾಠ ಮಾಡಲು ತೊಡಗಿದೊಡನೆ ದೇವರ ವಿಷಯದಲ್ಲಿ ಹೊಸಹೊಸ ಹೊಳಹುಗಳೂ ಮಧುರವಾದ ಭಕ್ತಿಭಾವಗಳೂ ಉಕ್ಕಿ ಬರುತ್ತಿದ್ದವು. ಪಾಠ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬೇರೆಯವರಾಗಿದ್ದರೆ ಇದನ್ನು ವರವೆಂದೇ ಭಾವಿಸುತ್ತಿದ್ದರೇನೋ. ಇಗ್ನೇಷಿಯಸ್ಸರು ಒಂದು ಪ್ರಶ್ನೆಯನ್ನು ಹಾಕಿಕೊಂಡರು: ಪ್ರಾರ್ಥನೆಗೆ ನಿಂತಾಗ, ಬಲಿಪೂಜೆಯಲ್ಲಿ ಭಾಗವಹಿಸುವಾಗ ಬಾರದ ಈ ಹೊಳಹುಗಳು ವ್ಯಾಕರಣದ ಪುಸ್ತಕವನ್ನು ತೆರೆದಾಗಲೇ ಏಕೆ ಬರುತ್ತವೆ? ಇದು ಶೋಧನೆಯೆಂದು ಅವರಿಗೆ ಮನವರಿಕೆಯಾಯಿತು. ತಮ್ಮ ಉಪಾಧ್ಯಾಯರನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ಹೇಳಿಕೊಂಡರು. ರೊಟ್ಟಿ ಮತ್ತು ನೀರು ಸಿಗುವವರೆಗೆ ಎರಡು ವರ್ಷ ಕಾಲ ಪಾಠಕ್ಕೆ ತಪ್ಪದೆ ಕಿವಿಗೊಡುವೆನೆಂದು ಮಾತುಕೊಟ್ಟರು. ಆಮೇಲೆ ಆ ಕಾಟ ತಪ್ಪಿತೆಂದು ಅವರ ಆತ್ಮಕಥನ ತಿಳಿಸುತ್ತದೆ.

ಲೂಕನ ಶುಭಸಂದೇಶದ ಮಾರ್ತಳ ಕಥೆಯ ತಿರುಳೂ ಇದೇ. ಅವಳು ಅಡುಗೆ ಮಾಡಿದ್ದು ತಪ್ಪಲ್ಲ. ಅತಿಥಿಯನ್ನು ಸತ್ಕರಿಸಬೇಕೆಂದು ಹೊರಟವಳು ಸತ್ಕಾರದ ಗಡಿಬಿಡಿಯಲ್ಲಿ ಅತಿಥಿಯಿಂದಲೇ ದೂರವಾದಳು. ನಮ್ಮ ಊರಹಬ್ಬಗಳನ್ನು ನೆನಪಿಸಿಕೊಳ್ಳೋಣ. ಪಾಲಕ ಸಂತರ ಗೌರವಾರ್ಥವಾಗಿ ಆರಂಭವಾಗುವ ಸಿದ್ಧತೆ ಶಾಮಿಯಾನ, ದೀಪಾಲಂಕಾರ, ಧ್ವನಿವರ್ಧಕ, ಚಂದಾಪಟ್ಟಿ ಎಂದು ಬೆಳೆಯುತ್ತ ಹೋಗುತ್ತದೆ. ತೇರನ್ನು ಯಾರು ಮೊದಲು ಹೊರಬೇಕೆಂಬ ವಾದದಲ್ಲಿ ಎರಡು ಕೇರಿಗಳು ಮಾತು ಬಿಡುತ್ತವೆ. ಹಬ್ಬ ವಿಜೃಂಭಣೆಯಿಂದ ನಡೆಯುತ್ತದೆ. ಯಾರ ಹಬ್ಬವೆಂದು ಕೇಳಿದರೆ ಉತ್ತರ ಬ್ಯಾನರಿನ ಮೇಲೆ ಮಾತ್ರ ಉಳಿದಿರುತ್ತದೆ. ಮಕ್ಕಳ ಭವಿಷ್ಯಕ್ಕಾಗಿ ದುಡಿಯಲು ಹೊರಟ ತಂದೆಗೆ ಮಕ್ಕಳೊಡನೆ ಕುಳಿತುಕೊಳ್ಳಲು ಪುರಸೊತ್ತಿಲ್ಲದಾಗುವುದೂ ಇದೇ ಬಗೆಯ ಮರೆವು. ಗುರಿಗಾಗಿ ಹಿಡಿದ ಸಾಧನವು ಗುರಿಯನ್ನೇ ನುಂಗುತ್ತದೆ.

ಮರೆವೋ, ಮರೆಯೋ?

ಇನ್ನೂ ಆಳದಲ್ಲಿ ಇನ್ನೊಂದು ಕಾರಣ ಅಡಗಿದೆ. ಅಣ್ಣನ ಮನೆಗೆ ಹೋದ ಆ ತಮ್ಮನು ನಿಜವಾಗಿಯೂ ಮರೆತನೇ? ಮಳೆ, ಧಾರಣೆ, ಕಾಲೇಜು ಇವು ಅವನನ್ನು ಎಳೆದೊಯ್ದವೇ? ಅಥವಾ ಹೇಳಲು ಕಷ್ಟವಾದ ಮಾತಿನಿಂದ ತಪ್ಪಿಸಿಕೊಳ್ಳಲು ಅವನೇ ಆ ಮಾತುಗಳ ಹಿಂದೆ ಅಡಗಿದನೇ? ಮರೆವು ಎಷ್ಟೋ ವೇಳೆ ಒಂದು ಮರೆ. ಮುಖ ಮುಚ್ಚಿಕೊಳ್ಳಲು ಹಿಡಿದ ತೆರೆ.

ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಹಾಗೂ ಚಿಂತಕ ಬ್ಲೇಸ್ ಪಾಸ್ಕಲರು ಇದನ್ನು ನಿರ್ದಾಕ್ಷಿಣ್ಯವಾಗಿ ಎತ್ತಿ ತೋರಿಸಿದರು. ಮನುಷ್ಯನು ಬೇಟೆ, ಜೂಜು, ಯುದ್ಧ, ಉನ್ನತ ಹುದ್ದೆಗಳ ಹಿಂದೆ ಓಡುವುದು ಅವುಗಳಿಂದ ಸಿಗುವ ಲಾಭಕ್ಕಾಗಿ ಅಲ್ಲ. ತನ್ನೊಡನೆ ತಾನು ಕುಳಿತು ತನ್ನ ಸಾವನ್ನೂ ದೈನ್ಯವನ್ನೂ ನೋಡಲು ಅಂಜಿ ಗಲಾಟೆಯನ್ನು ಬಯಸುತ್ತಾನೆ ಎಂಬುದು ಅವರ ವಾದ. ಅಂದಿನ ಅರಸರಿಗೆ ಮನರಂಜನೆ ಒದಗಿಸಲು ಆಸ್ಥಾನವೇ ಇತ್ತು. ಇಂದು ಆ ಆಸ್ಥಾನ ಪ್ರತಿಯೊಬ್ಬರ ಜೇಬಿನಲ್ಲಿದೆ. ಆಸ್ಪತ್ರೆಯ ಮಂಚದ ಬಳಿ ಕುಳಿತ ಮಗನು ರೋಗಿಯಾದ ತಾಯಿಯ ಮುಖವನ್ನು ನೋಡಲಾಗದೆ ಮೊಬೈಲಿನ ಪರದೆಯನ್ನು ನೋಡುತ್ತಾನೆ. ಅವನನ್ನು ಕಠಿಣವಾಗಿ ನಿಂದಿಸುವ ಮೊದಲು ಅವನ ಭಯವನ್ನು ಅರ್ಥಮಾಡಿಕೊಳ್ಳಬೇಕು. ಆದರೆ ತಾಯಿ ಕಾಯುತ್ತಿರುವುದು ಅವನ ಕಣ್ಣುಗಳಿಗಾಗಿ ಎಂಬುದೂ ಸತ್ಯ.

ಆದುದರಿಂದ ಮನಸ್ಸು ಜಾರಿದಾಗ ‘ಎಲ್ಲಿಗೆ ಹೋದೆ?’ ಎಂದು ಕೇಳಿಕೊಂಡರೆ ಸಾಲದು. ‘ಯಾವುದರಿಂದ ಓಡಿದೆ?’ ಎಂದೂ ಕೇಳಿಕೊಳ್ಳಬೇಕು.

ಕರೆ ಮತ್ತು ಸೆಳೆತ

ಇಷ್ಟು ಹೇಳಿದ ಮೇಲೆ ಒಂದು ಸಂದೇಹ ಏಳಬಹುದು. ಹೊರಟ ಕೆಲಸವನ್ನು ಬಿಟ್ಟು ಅತ್ತಿತ್ತ ನೋಡಲೇಬಾರದೆಂದಾದರೆ ಮನುಷ್ಯನು ಕುದುರೆಯಂತೆ ಕಣ್ಣಪಟ್ಟಿ ಕಟ್ಟಿಕೊಳ್ಳಬೇಕಲ್ಲವೇ? ದಾರಿಯಲ್ಲಿ ಬಿದ್ದವನನ್ನು ದಾಟಿ ತಮ್ಮ ಪಾಡಿಗೆ ಮುಂದೆ ಹೋದ ಯಾಜಕನೂ ಲೇವಿಯನೂ ಏಕಾಗ್ರಚಿತ್ತರೇ ಅಲ್ಲವೇ? ಸಮಾರಿಯದವನಾದರೋ ತನ್ನ ಪ್ರಯಾಣವನ್ನು ತಡೆದು ನಿಂತನು. ಶುಭಸಂದೇಶ ಹೊಗಳುವುದು ಅವನನ್ನು.

ಈ ಸಂದೇಹಕ್ಕೆ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವು ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ. ಪ್ರಾರ್ಥನಾಮಂದಿರದ ಅಧ್ಯಕ್ಷನಾದ ಯಾಯಿರನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾರೆ. ಇದಕ್ಕಿಂತ ಅವಸರದ ಪ್ರಯಾಣ ಯಾವುದಿರಬಹುದು? ಆದರೆ ಜನಜಂಗುಳಿಯ ನಡುವೆ, ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಮಹಿಳೆಯೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಅವರು ನಿಲ್ಲುತ್ತಾರೆ, ತಮ್ಮನ್ನು ಮುಟ್ಟಿದವರು ಯಾರೆಂದು ಕೇಳುತ್ತಾರೆ. ಇಷ್ಟು ನೂಕುನುಗ್ಗಲಿನಲ್ಲಿ ಅದೆಂತಹ ಪ್ರಶ್ನೆ ಎಂದು ಶಿಷ್ಯರಿಗೆ ಅಚ್ಚರಿ. ಯಾಯಿರನ ಎದೆ ಆಗ ಹೇಗೆ ಬಡಿದುಕೊಂಡಿರಬೇಕು! ಆ ಮಹಿಳೆ ನಡುಗುತ್ತ ತನ್ನ ಕಥೆಯನ್ನೆಲ್ಲ ಹೇಳುವವರೆಗೂ ಪ್ರಭು ನಿಂತೇ ಇರುತ್ತಾರೆ. ಅಷ್ಟರಲ್ಲಿ ಮಗಳು ಸತ್ತಳೆಂಬ ಸುದ್ದಿ ಬರುತ್ತದೆ. ಇನ್ನು ಗುರುಗಳಿಗೆ ತೊಂದರೆ ಕೊಡುವುದೇಕೆ ಎನ್ನುತ್ತಾರೆ ಬಂದವರು. ಹೊರಟ ಕೆಲಸವನ್ನು ಕೈಬಿಡಲು ಅದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಆದರೆ ಪ್ರಭು ಯಾಯಿರನಿಗೆ ಧೈರ್ಯ ಹೇಳಿ ಮುಂದೆ ನಡೆಯುತ್ತಾರೆ. ಮನೆ ಸೇರುತ್ತಾರೆ, ಮಗುವಿನ ಕೈಹಿಡಿದು ಎಬ್ಬಿಸುತ್ತಾರೆ. ಎಲ್ಲರೂ ಬೆರಗಾಗಿ ಮೈಮರೆತು ನಿಂತಿರುವಾಗ, ಹುಡುಗಿಗೆ ತಿನ್ನಲು ಏನಾದರೂ ಕೊಡುವಂತೆ ನೆನಪಿಸುತ್ತಾರೆ.

ಇಲ್ಲಿ ನಿಲ್ಲುವುದೂ ಇದೆ, ಹೋಗಿ ಸೇರುವುದೂ ಇದೆ. ದಾರಿಯಲ್ಲಿ ನಿಂತದ್ದಕ್ಕಾಗಿ ಯಾಯಿರನಿಗೆ ಕೊಟ್ಟ ಮಾತು ಮರೆತುಹೋಗಲಿಲ್ಲ. ಆ ಮಾತಿನ ನೆಪದಲ್ಲಿ ಮಹಿಳೆಯನ್ನು ದಾಟಿ ಹೋಗಲೂ ಇಲ್ಲ. ನಮ್ಮ ಕೆಲಸದ ನಡುವೆ ಬರುವ ಎಲ್ಲವೂ ಅಡಚಣೆಯಲ್ಲ. ಕೆಲವು ಕರೆ, ಕೆಲವು ಸೆಳೆತ. ಇನ್ನೊಬ್ಬರ ಅಗತ್ಯದಿಂದ ಹುಟ್ಟಿದ್ದು ಕರೆ. ಅದು ನಮ್ಮಿಂದ ಏನನ್ನಾದರೂ ಕೇಳುತ್ತದೆ, ಮುಗಿದ ಮೇಲೆ ನಮ್ಮನ್ನು ದಾರಿಗೆ ಬಿಡುತ್ತದೆ. ನಮ್ಮ ಕುತೂಹಲ, ಆಲಸ್ಯ ಅಥವಾ ಅಂಜಿಕೆಯಿಂದ ಹುಟ್ಟಿದ್ದು ಸೆಳೆತ. ಅದು ಏನನ್ನೂ ಕೇಳದಂತೆ ತೋರುತ್ತದೆ, ಆದರೆ ಬಿಡುವುದಿಲ್ಲ.

ನಮ್ಮ ತಪ್ಪು ಹೆಜ್ಜೆಯನ್ನು ಸಹ ದೇವರು ತಮ್ಮ ಕಾರ್ಯಕ್ಕೆ ಬಳಸಿಕೊಳ್ಳಬಲ್ಲರು ಎಂಬುದಕ್ಕೆ ಸಂತ ಅಗಸ್ಟೀನರ ಚರಿತ್ರೆಯಲ್ಲಿ ಸೊಗಸಾದ ಘಟನೆಯಿದೆ. ಅದನ್ನು ದಾಖಲಿಸಿದವರು ಅವರ ಒಡನಾಡಿ ಪೊಸಿಡಿಯಸ್. ಒಮ್ಮೆ ಹಿಪ್ಪೋ ನಗರದ ದೇವಾಲಯದಲ್ಲಿ ಪ್ರಬೋಧಿಸುತ್ತಿದ್ದ ಅಗಸ್ಟೀನರು ಆರಂಭಿಸಿದ ವಿಷಯವನ್ನು ಮುಗಿಸದೆ, ನಡುವೆಯೇ ಮಾನಿಕೇಯರ ಮತದ ಖಂಡನೆಗೆ ಹೊರಳಿ ಅಲ್ಲಿಗೇ ಮಾತು ನಿಲ್ಲಿಸಿದರು. ಊಟದ ವೇಳೆ ಅವರೇ ಈ ಪ್ರಸ್ತಾಪವೆತ್ತಿದರು. ಗಮನಿಸಿದ್ದೆವೆಂದು ಸಂಗಡಿಗರೂ ಒಪ್ಪಿಕೊಂಡರು. ಸಭೆಯಲ್ಲಿದ್ದ ದಾರಿ ತಪ್ಪಿದ ಯಾರನ್ನೋ ಗುಣಪಡಿಸಲು ದೇವರು ನಮ್ಮ ಮರೆವನ್ನು ಬಳಸಿಕೊಂಡಿರಬಹುದು ಎಂದರು ಅಗಸ್ಟೀನರು. ಒಂದೆರಡು ದಿನಗಳಲ್ಲಿ ಫಿರ್ಮಸ್ ಎಂಬ ವರ್ತಕನು ಬಂದು ಅವರ ಕಾಲಿಗೆರಗಿ ಕಣ್ಣೀರಿಟ್ಟನು. ಹಲವು ವರ್ಷ ಮಾನಿಕೇಯ ಮತವನ್ನು ಅನುಸರಿಸಿ ಅವರಿಗೆ ಬಹಳ ಹಣವನ್ನೂ ಕೊಟ್ಟಿದ್ದ ಆತನು ಆ ದಿನದ ಮಾತಿನಿಂದಲೇ ಪರಿವರ್ತನೆ ಹೊಂದಿದ್ದನು. ಮುಂದೆ ಆತನು ವ್ಯಾಪಾರವನ್ನು ತೊರೆದು ಗುರುವೂ ಆದನೆಂದು ಪೊಸಿಡಿಯಸ್ ಬರೆಯುತ್ತಾರೆ.

ಇದರಿಂದ ದಾರಿ ತಪ್ಪುವುದೇ ಒಳ್ಳೆಯದೆಂಬ ತೀರ್ಮಾನಕ್ಕೆ ಬರಬಾರದು. ದೇವರು ಒಡೆದ ಮಡಕೆಯಿಂದಲೂ ನೀರು ಕೊಡಬಲ್ಲರು. ಹಾಗೆಂದು ಮಡಕೆ ಒಡೆಯುವುದು ನಮ್ಮ ಕೆಲಸವಲ್ಲ. ಫಲವನ್ನು ಅವರಿಗೆ ಬಿಟ್ಟು, ಮರಳುವ ಕೆಲಸವನ್ನು ನಾವು ಮಾಡಬೇಕು.

ಮರಳುವ ಬಗೆ

ಮರಳುವ ಶಕ್ತಿ ನಮ್ಮ ಸ್ವಭಾವದಲ್ಲೇ ಇದೆ ಎಂಬುದು ಸಮಾಧಾನದ ಸಂಗತಿ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಮರಿಯಾ ಓವ್ಸಿಯಾಂಕಿನಾ ಎಂಬ ಸಂಶೋಧಕಿ ಒಂದು ಪ್ರಯೋಗ ನಡೆಸಿದರು. ಕೆಲಸವನ್ನು ನಡುವೆ ತಡೆದರೆ, ಬಿಡುವು ದೊರೆತೊಡನೆ ಹೆಚ್ಚಿನವರು ಯಾರೂ ಹೇಳದೆಯೇ ಅದಕ್ಕೆ ಮರಳುತ್ತಾರೆಂದು ಅವರು ತೋರಿಸಿಕೊಟ್ಟರು. ಅರ್ಧಕ್ಕೆ ನಿಂತದ್ದು ನಮ್ಮನ್ನು ಕರೆಯುತ್ತಲೇ ಇರುತ್ತದೆ. ಆ ಕರೆ ಕೇಳಿಸುವಷ್ಟು ಮೌನವನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ಇದಕ್ಕೆ ಕೆಲವು ಸರಳ ಉಪಾಯಗಳನ್ನು ಹಿರಿಯರು ತೋರಿಸಿಕೊಟ್ಟಿದ್ದಾರೆ. ಮೊದಲನೆಯದು, ಮನಸ್ಸಿನ ಮೇಲೆ ಮುನಿಯದಿರುವುದು. ಆವಿಲಾದ ಸಂತ ತೆರೇಸಾರವರು 1577ರಲ್ಲಿ ಬರೆದ ಗ್ರಂಥದಲ್ಲಿ ಅಲೆಯುವ ಕಲ್ಪನೆಯನ್ನು ಹಿಟ್ಟಿನ ಗಿರಣಿಯ ತಟತಟ ಸದ್ದಿಗೆ ಹೋಲಿಸುತ್ತಾರೆ. ಸದ್ದು ತನ್ನ ಪಾಡಿಗೆ ತಾನಿರಲಿ, ನಾವು ಹಿಟ್ಟು ಬೀಸುವುದನ್ನು ಬಿಡಬಾರದು ಎಂಬುದು ಅವರ ಸಲಹೆ. ಎರಡನೆಯದು, ಬಂದ ಅಲೆದಾಟವನ್ನೇ ಪ್ರಾರ್ಥನೆಯಾಗಿಸುವುದು. ಜಪದ ನಡುವೆ ಯಾರದೋ ನೆನಪಾದರೆ ಅವರಿಗಾಗಿಯೇ ಒಂದು ಕ್ಷಣ ಬೇಡಿ ಮುಂದುವರಿಯುವ ರೂಢಿ ಲಿಸಿಯುವಿನ ಸಂತ ತೆರೇಸಾರದಾಗಿತ್ತು. ಮೂರನೆಯದು, ಕರೆ ಬಂದು ಏಳಬೇಕಾದಾಗ ಗುರುತು ಇಟ್ಟು ಏಳುವುದು. ಎಲ್ಲಿಗೆ ನಿಂತೆ, ಮರಳಿ ಬಂದು ಏನು ಮಾಡಬೇಕು ಎಂದು ಒಂದು ಸಾಲು ಬರೆದಿಟ್ಟು ಹೋದವರ ಮನಸ್ಸು ಮುಂದಿನ ಕೆಲಸದಲ್ಲಿ ಹೆಚ್ಚು ನೆಲೆಗೊಳ್ಳುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ನಾಲ್ಕನೆಯದು ಸಂತ ಇಗ್ನೇಷಿಯಸ್ಸರು ಕ್ರಮಬದ್ಧವಾಗಿ ಕಲಿಸಿದ ಆತ್ಮಶೋಧನೆ. ರಾತ್ರಿ ದೀಪ ಆರಿಸುವ ಮೊದಲು ಐದು ನಿಮಿಷ ಕುಳಿತು, ಇಂದು ಎಲ್ಲಿಗೆ ಹೊರಟಿದ್ದೆ, ಎಲ್ಲಿ ನಿಂತೆ ಎಂದು ಕೇಳಿಕೊಳ್ಳುವುದು. ಐದನೆಯದು, ಹೇಳಲು ಕಷ್ಟವಾದ ಮಾತನ್ನು ಮೊದಲೇ ಹೇಳಿಬಿಡುವುದು. ಕಾಫಿ ಬರುವ ಮುನ್ನ, ಮಳೆಯ ಮಾತು ಏಳುವ ಮುನ್ನ, ಹೊಸ್ತಿಲಲ್ಲಿ ನಿಂತೇ.

ಈ ಕೊನೆಯ ಉಪಾಯಕ್ಕೆ ಪ್ರಭುವಿನ ಮಾತೇ ಆಧಾರ. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಅವರು ಒಂದು ಸನ್ನಿವೇಶವನ್ನು ಮುಂದಿಡುತ್ತಾರೆ. ಒಬ್ಬನು ಕಾಣಿಕೆಯನ್ನು ಹಿಡಿದು ಬಲಿಪೀಠದ ಮುಂದೆ ನಿಂತಿದ್ದಾನೆ. ತನ್ನ ಸೋದರನಿಗೆ ತನ್ನ ಮೇಲೆ ಮನಸ್ತಾಪವಿದೆಯೆಂಬುದು ಆಗ ಅವನಿಗೆ ನೆನಪಾಗುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಅದು ಆರಾಧನೆಯ ನಡುವೆ ನುಗ್ಗಿದ ಪರಾಕು. ಆದರೆ ಆ ನೆನಪನ್ನು ತಳ್ಳಿಹಾಕುವಂತೆ ಪ್ರಭು ಹೇಳುವುದಿಲ್ಲ. ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ, ಸೋದರನೊಡನೆ ಸಮಾಧಾನ ಮಾಡಿಕೊಂಡು, ಆಮೇಲೆ ಬಂದು ಅರ್ಪಿಸುವಂತೆ ಹೇಳುತ್ತಾರೆ. ಇಲ್ಲಿ ಪರಾಕು ತನ್ನ ಮೊದಲಿನ ಅರ್ಥಕ್ಕೆ ಮರಳುತ್ತದೆ: ಎಚ್ಚರವಾಗು, ನಿನ್ನನ್ನು ಯಾರೋ ಕಾಯುತ್ತಿದ್ದಾರೆ ಎಂಬ ಕೂಗಾಗುತ್ತದೆ.

ಮುಂದಿನ ಭಾನುವಾರ ಬಲಿಪೂಜೆಯ ನಡುವೆ ನಿಮಗೆ ಯಾರ ನೆನಪಾದೀತೋ ತಿಳಿಯದು. ಮಾತು ಬಿಟ್ಟ ಅಣ್ಣ, ಪತ್ರ ಬರೆಯದೆ ಬಿಟ್ಟ ಗೆಳತಿ, ಫೋನು ಮಾಡದೆ ತಿಂಗಳುಗಳಾದ ತಾಯಿ ಇರಬಹುದು. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲವೆಂದು ಕೊರಗಬೇಡಿ. ಪೂಜೆ ಮುಗಿದೊಡನೆ ಎದ್ದು ಅವರ ಮನೆಯ ದಾರಿ ಹಿಡಿಯಿರಿ. ಹೋದ ಮೇಲೆ ಮಳೆಯ ಮಾತು ಬಂದೇ ಬರುತ್ತದೆ. ಬರಲಿ. ಹೊರಡುವಾಗ ಹೇಳಬೇಕೆಂದುಕೊಂಡದ್ದನ್ನು ಮಾತ್ರ ಹೇಳಿಯೇ ಬನ್ನಿ.